ಗಂಡಮ್ ಯಾವ ಕ್ರಮದಲ್ಲಿ ನೋಡಬೇಕು? ಯೂನಿವರ್ಸಲ್ ಸೆಂಚುರಿಯ ಸರಣಿಗಳು, ಸಿನಿಮಾಗಳು: ಎಲ್ಲರೂ ಬನ್ನಿ, ಮಾತಾಡೋಣ

ಬಿಳಿಹಡಗು

ಗೆಳೆಯರೇ, ಈ ಪ್ರಶ್ನೆ ಇಲ್ಲಿ ಪದೇ ಪದೇ ಬರುತ್ತಿದೆ. "ಗಂಡಮ್ ಶುರು ಮಾಡಬೇಕು, ಎಲ್ಲಿಂದ?" ಅಂತ ಯಾರೋ ಕೇಳುತ್ತಾರೆ. ಒಬ್ಬೊಬ್ಬರು ಒಂದೊಂದು ಪಟ್ಟಿ ಕೊಡುತ್ತಾರೆ. ಕೇಳಿದವರು ಗಾಬರಿಯಾಗಿ ಬೇರೆ ಅನಿಮೆ ಹುಡುಕಿಕೊಂಡು ಹೋಗುತ್ತಾರೆ. ಅದಕ್ಕೇ ಎಲ್ಲ ಒಂದೇ ಕಡೆ ಇರಲಿ ಅಂತ ಈ ಚರ್ಚೆ ತೆರೆದಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಗಂಡಮ್ ಅನ್ನುವ ಜಪಾನಿ ರೋಬೋ ಯುದ್ಧದ ಅನಿಮೆ ಅಂದರೆ ಒಂದೇ ಕಥೆಯಲ್ಲ. 1994ರ ಜಿ ಗಂಡಮ್, ಆಮೇಲಿನ ವಿಂಗ್, ಸೀಡ್, ಡಬಲ್ ಓ, ಐರನ್ ಬ್ಲಡೆಡ್ ಆರ್ಫನ್ಸ್, ವಿಚ್ ಫ್ರಮ್ ಮರ್ಕ್ಯುರಿ, ಇವೆಲ್ಲ ಬೇರೆ ಬೇರೆ ಲೋಕಗಳು. ಅವನ್ನು ಯಾವಾಗ ಬೇಕಾದರೂ, ಯಾವುದರಿಂದ ಬೇಕಾದರೂ ನೋಡಬಹುದು. ತಲೆನೋವಿರುವುದು ಯೂನಿವರ್ಸಲ್ ಸೆಂಚುರಿ ಅನ್ನುವ ಮೂಲ ಕಥೆಯಲ್ಲಿ. 1979ರ ಏಪ್ರಿಲ್‌ನಲ್ಲಿ ಶುರುವಾದದ್ದು ಇವತ್ತಿಗೂ ಮುಗಿದಿಲ್ಲ. ಟಿವಿ ಸರಣಿ ಇದೆ, ಅದನ್ನೇ ಕತ್ತರಿಸಿ ಮಾಡಿದ ಸಿನಿಮಾಗಳಿವೆ, ನೇರ ಸಿನಿಮಾಗಳಿವೆ, ವಿಡಿಯೋದಲ್ಲಿ ಮಾತ್ರ ಬಂದ ಕಿರು ಸರಣಿಗಳಿವೆ. ಇವುಗಳಲ್ಲಿ ಕೆಲವು ಹಿಂದಿನ ಕಾಲಕ್ಕೆ ಹೋಗುತ್ತವೆ, ಕೆಲವು ಹತ್ತಾರು ವರ್ಷ ಮುಂದೆ ಹಾರುತ್ತವೆ.

ನನ್ನ ಮಾತು ಇಷ್ಟೇ. ಬಿಡುಗಡೆಯಾದ ಕ್ರಮದಲ್ಲೇ ನೋಡಿ. ಕಥೆಯೊಳಗಿನ ಇಸವಿ ಹಿಡಿದು ಹೋಗಬೇಡಿ.

ಯಾಕೆ ಅಂದರೆ, ಇಲ್ಲಿ ಪ್ರತಿಯೊಂದು ಭಾಗವೂ ಹಿಂದಿನದಕ್ಕೆ ಕೊಟ್ಟ ಉತ್ತರ. ಯೋಶಿಯುಕಿ ಟೊಮಿನೋ 1979ರಲ್ಲಿ ಮೊದಲ ಸರಣಿ ಮಾಡಿದಾಗ ಅದು ಓಡಲಿಲ್ಲ. 52 ಕಂತು ಅಂತ ಯೋಚಿಸಿದ್ದು 43ಕ್ಕೇ ನಿಂತಿತು. ಮರುಪ್ರಸಾರದಲ್ಲಿ ಜನ ಸಿಕ್ಕರು. 1980ರ ಜುಲೈಯಲ್ಲಿ ಬಂಡಾಯ್ ಪ್ಲಾಸ್ಟಿಕ್ ಮಾದರಿಗಳನ್ನು ತಂದಿತು. 1981ರ ಫೆಬ್ರವರಿ 22ರಂದು ಮೊದಲ ಸಿನಿಮಾದ ಪ್ರಚಾರಕ್ಕೆ ಟೋಕಿಯೋದ ಶಿಂಜುಕುವಿನಲ್ಲಿ ಸಾವಿರಾರು ಹುಡುಗ ಹುಡುಗಿಯರು ಸೇರಿದರು. ಅನಿಮೆಗೆ ಹೊಸ ಶತಮಾನ ಬಂತು ಅಂತ ಅಲ್ಲಿ ಘೋಷಣೆಯನ್ನೇ ಓದಿದರು. ಇದಾದ ಮೇಲೆ 1985ರಲ್ಲಿ ಜೀಟಾ ಬಂತು. ಮೊದಲ ಕಥೆಯಲ್ಲಿ ಗೆದ್ದವರೇ ಜೀಟಾದಲ್ಲಿ ದಬ್ಬಾಳಿಕೆ ಮಾಡುವವರು. ಗೆಲುವನ್ನು ಸಂಭ್ರಮಿಸಿದ್ದ ನೋಡುಗರಿಗೆ ಅದು ನೇರ ಪೆಟ್ಟು. ಮೊದಲ 43 ಕಂತು ನೋಡದೆ ಜೀಟಾಗೆ ಬಂದರೆ ಆ ಪೆಟ್ಟು ತಾಗುವುದೇ ಇಲ್ಲ.

ನನ್ನ ಕ್ರಮ: 1979ರ ಸರಣಿ ಅಥವಾ ಅದರ ಮೂರು ಸಿನಿಮಾ, ಜೀಟಾ, ಡಬಲ್ ಜೀಟಾ, 1988ರ ಶಾರ್ಸ್ ಕೌಂಟರ್‌ಅಟ್ಯಾಕ್. ಇದು ಬೆನ್ನೆಲುಬು. ಆಮೇಲೆ 1989ರ ವಾರ್ ಇನ್ ದ ಪಾಕೆಟ್‌ನಿಂದ ಯೂನಿಕಾರ್ನ್, ಆರಿಜಿನ್, ಹ್ಯಾಥವೇವರೆಗೆ ಬಂದ ಹಾಗೆ ನೋಡುತ್ತಾ ಹೋಗಿ.

ಒಂದು ವಿನಂತಿ. ಕಥೆ ಬಯಲು ಮಾಡುವ ಮಾತಿದ್ದರೆ ಪೋಸ್ಟ್‌ನ ಮೊದಲ ಸಾಲಿನಲ್ಲೇ ಹೇಳಿಬಿಡಿ.

ಹೊಸ_ನೋಡುಗ

ಒಳ್ಳೆ ಕೆಲಸ ಮಾಡಿದಿರಿ ಸರ್. ನಾನು ಈಗಷ್ಟೇ ಶುರು ಮಾಡಬೇಕು ಅಂತ ಕೂತವನು. ಎರಡು ಪ್ರಶ್ನೆ. 1979ರ ಚಿತ್ರಗಳು ನನ್ನ ಕಣ್ಣಿಗೆ ತುಂಬಾ ಹಳೆಯದಾಗಿ ಕಾಣುತ್ತಿವೆ. ಮೂರು ಸಿನಿಮಾ ನೋಡಿ ಮುಂದೆ ಹೋದರೆ ಏನಾದರೂ ಕಳೆದುಕೊಳ್ಳುತ್ತೇನಾ? ಇನ್ನೊಂದು, ಅಷ್ಟು ಮುಂದುವರಿದ ಕಾಲದಲ್ಲಿ ದೂರದಿಂದ ಕ್ಷಿಪಣಿ ಬಿಡದೆ ಮನುಷ್ಯಾಕಾರದ ಯಂತ್ರದಲ್ಲಿ ಕೂತು ಕೈಕೈ ಮಿಲಾಯಿಸುವುದು ಯಾಕೆ? ಇದಕ್ಕೆ ಕಾರಣ ಕೊಟ್ಟಿದ್ದಾರಾ?

ಕೆಂಪು_ಧೂಮಕೇತು

ಎರಡನೇ ಪ್ರಶ್ನೆ ಚೆನ್ನಾಗಿದೆ, ಅದರಿಂದಲೇ ಶುರು ಮಾಡ್ತೀನಿ. ಕಾರಣ ಕೊಟ್ಟಿದ್ದಾರೆ, ಇಡೀ ಲೋಕ ಅದರ ಮೇಲೇ ನಿಂತಿದೆ. ಮಿನೋವ್‌ಸ್ಕಿ ಕಣ ಅಂತ ಒಂದು ಕಲ್ಪನೆ. ಅದನ್ನು ಆಕಾಶದಲ್ಲಿ ಹರಡಿದರೆ ರೇಡಾರ್ ಕೆಲಸ ಮಾಡಲ್ಲ, ದೂರದ ಸಂಪರ್ಕವೂ ಹೋಗುತ್ತೆ. ಗುರಿ ಹಿಡಿದು ಹೋಗುವ ಕ್ಷಿಪಣಿಗಳೂ ಕುರುಡಾಗುತ್ತವೆ. ಕಣ್ಣಿಗೆ ಕಂಡಷ್ಟು ದೂರದಲ್ಲೇ ಹೊಡೆದಾಡಬೇಕು. ಇದನ್ನು ಮೊದಲು ಅರ್ಥ ಮಾಡಿಕೊಂಡವರು ಭೂಮಿಯ ವಿರುದ್ಧ ಎದ್ದ ಬಾಹ್ಯಾಕಾಶ ಕಾಲೊನಿಗಳ ಜಿಯೋನ್‌ನವರು. ಜನಬಲದಲ್ಲಿ ತುಂಬಾ ಚಿಕ್ಕವರು, ಆದರೂ ಝಾಕು ಯಂತ್ರಗಳನ್ನು ಕಟ್ಟಿಕೊಂಡು ಭೂಮಿಯ ಒಕ್ಕೂಟದ ದೊಡ್ಡ ನೌಕಾಪಡೆಯನ್ನು ಮುರಿದರು. ಮುಂದೆ ಎಲ್ಲ ಸರಣಿಯಲ್ಲೂ ಈ ಲೆಕ್ಕ ಹಾಗೇ ನಡೆಯುತ್ತದೆ.

ಈಗ ಸಿನಿಮಾ ವಿಚಾರ. 1981ರ ಮಾರ್ಚ್, 1981ರ ಜುಲೈ, 1982ರ ಮಾರ್ಚ್, ಹೀಗೆ ಮೂರು ಬಂದವು. ಒಂದೊಂದೂ ಎರಡು ಗಂಟೆಗಿಂತ ಜಾಸ್ತಿ. ಸುಮ್ನೆ ಕತ್ತರಿಸಿ ಅಂಟಿಸಿದ್ದಲ್ಲ, ಟೊಮಿನೋ ಅವರೇ ಕೂತು ಮತ್ತೆ ಕಟ್ಟಿದ್ದಾರೆ. ಮೂರನೆಯದಂತೂ ಟಿವಿಗಿಂತ ಮೇಲು ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಟಿವಿ ಸರಣಿಯ ಕೊನೆಯ ಹೊತ್ತಿಗೆ ಪಾತ್ರಗಳನ್ನು ರೂಪಿಸಿದ ಯೋಶಿಕಾಜು ಯಾಸುಹಿಕೋ ಕಾಯಿಲೆ ಬಿದ್ದಿದ್ದರು. ಅದು ಚಿತ್ರಗಳಲ್ಲಿ ಕಾಣುತ್ತದೆ. ಮೂರನೇ ಸಿನಿಮಾಗೆ ಅವರು ವಾಪಸ್ ಬಂದು ತುಂಬಾ ಭಾಗದ ಚಿತ್ರ ಹೊಸದಾಗಿ ಬರೆದರು. ಬಾಹ್ಯಾಕಾಶದ ಕೊನೆಯ ಯುದ್ಧ, ಮುಖಗಳು, ಬೆಳಕು, ಎಲ್ಲದರಲ್ಲೂ ಬೇರೆಯದೇ ಜೀವ ಇದೆ.

ಕಳೆದುಕೊಳ್ಳುವುದು ಏನು? ಕೆಲವು ಹೋದರೆ ನಷ್ಟವಿಲ್ಲ. ಆಟಿಕೆ ಮಾರುವವರ ಒತ್ತಾಯಕ್ಕೆ ಬಂದ ಜಿ ಆರ್ಮರ್ ವಾಹನವನ್ನು ತೆಗೆದು, ಅದರ ಜಾಗದಲ್ಲಿ ಕೋರ್ ಬೂಸ್ಟರ್ ಇಟ್ಟಿದ್ದಾರೆ. ಅದರಿಂದ ಯುದ್ಧದ ಕಥೆ ಇನ್ನೂ ಗಂಭೀರವಾಗಿದೆ. ಜಿಯೋನ್ ಕಡೆಯ ಮಾ ಕುಬೆ ಗ್ಯಾನ್ ಯಂತ್ರ ಹತ್ತಿ, ಗಂಡಮ್ ನಡೆಸುವ ಕಥಾನಾಯಕ ಅಮುರೋ ಜೊತೆ ಕಾದಾಡುವ ಭಾಗ ಹೋಗಿದೆ. ಅದು ನನಗೆ ಇಷ್ಟ, ಇರಬೇಕಿತ್ತು. 15ನೇ ಕಂತು, ಕುಕುರುಸ್ ಡೋವನ್ ದ್ವೀಪದ ಕಥೆಯೂ ಇಲ್ಲ. ಚಿತ್ರಗಳು ಕೆಟ್ಟದಾಗಿವೆ ಅಂತ ಆ ಕಂತು ವಿದೇಶಿ ಬಿಡುಗಡೆಗಳಿಂದಲೇ ಹೊರಗುಳಿದಿತ್ತು. ಯುದ್ಧ ಬಿಟ್ಟು ಅನಾಥ ಮಕ್ಕಳನ್ನು ಸಾಕುವ ಸೈನಿಕನ ಕಥೆ ಅದು. 2022ರಲ್ಲಿ ಯಾಸುಹಿಕೋ ಅವರೇ ಅದನ್ನು ಪೂರ್ತಿ ಸಿನಿಮಾ ಮಾಡಿದರು.

ಆದರೆ ದೊಡ್ಡ ನಷ್ಟ ಬೇರೆ ಇದೆ. ಟಿವಿಯಲ್ಲಿ ದಣಿವು ಗೊತ್ತಾಗುತ್ತದೆ. ನಿರಾಶ್ರಿತರನ್ನು ತುಂಬಿಕೊಂಡ ಹಡಗು, ನಿದ್ದೆ ಇಲ್ಲದ ಹುಡುಗರು, ಉಪ್ಪು ಮುಗಿದುಹೋದರೆ ಏನು ಮಾಡೋದು ಅನ್ನುವ ಚಿಂತೆಗೂ ಒಂದು ಕಂತು. ವಾರ ವಾರ ಅದೇ ಓಟ. ಸಿನಿಮಾದಲ್ಲಿ ಯುದ್ಧ ಸಿಗುತ್ತದೆ, ಆ ದಣಿವು ಅರ್ಧ ಮಾತ್ರ ಸಿಗುತ್ತದೆ.

ಸಮಯ ಕಡಿಮೆ ಇದ್ದರೆ ಸಿನಿಮಾ ನೋಡಿ, ಧಾರಾಳವಾಗಿ ಮುಂದೆ ಹೋಗಿ. ಇಷ್ಟವಾದರೆ ಆಮೇಲೆ ಟಿವಿಗೆ ಬನ್ನಿ.

ತುಂಗಾತೀರ

ನಾನು ಒಪ್ಪಲ್ಲ. ಇವತ್ತಿನ ನೋಡುಗರಿಗೆ ಆರಿಜಿನ್‌ನಿಂದ ಶುರು ಮಾಡಿಸುವುದೇ ಸರಿ. 2015ರಿಂದ 2018ರವರೆಗೆ ಬಂದ ಆರು ಭಾಗ. ಚಿತ್ರ ಚೆನ್ನಾಗಿದೆ, ಕಥೆ ಸರಳವಾಗಿ ಹರಿಯುತ್ತದೆ. ಜಿಯೋನ್ ಯಾಕೆ ಹುಟ್ಟಿತು, ಝಾಬಿ ಮನೆತನ ಹೇಗೆ ಅಧಿಕಾರ ಹಿಡಿಯಿತು, ಇಡೀ ಒಂದು ಕಾಲೊನಿಯನ್ನು ಭೂಮಿಯ ಮೇಲೆ ಯಾಕೆ ಬೀಳಿಸಿದರು, ಎಲ್ಲ ಗೊತ್ತಾಗುತ್ತದೆ. 1979ರ ಸರಣಿಯಲ್ಲಿ ಮನುಕುಲದ ಅರ್ಧ ಜನ ಸತ್ತರು ಅನ್ನುವುದನ್ನು ಹಿನ್ನೆಲೆ ದನಿ ಶುರುವಿನಲ್ಲೇ ಹೇಳಿ ಮುಂದೆ ಹೋಗಿಬಿಡುತ್ತದೆ. ಅಂಥ ದೊಡ್ಡ ಸಂಗತಿಗೆ ಅದು ಸಾಲದು.

ಇನ್ನು ಜಿಯೋನ್ ಪಡೆಯ, ಮುಖವಾಡದ ಶಾರ್. ಅವನ ಹಿನ್ನೆಲೆ ಮೊದಲೇ ಗೊತ್ತಾದರೆ ರುಚಿ ಕೆಡುತ್ತೆ ಅನ್ನುತ್ತಾರೆ. ನಮ್ಮಲ್ಲಿ ತಾಳಮದ್ದಳೆ ಕೇಳೋಕೆ ಕೂತವರಿಗೆ ಕರ್ಣನ ಹುಟ್ಟು ಗೊತ್ತಿಲ್ವಾ? ಗೊತ್ತಿರುವುದರಿಂದಲೇ ಅಲ್ವಾ ಪ್ರತಿ ಮಾತೂ ಎದೆಗೆ ತಾಗೋದು? ಗೊತ್ತಿದ್ದು ನೋಡುವುದರಲ್ಲೇ ಜಾಸ್ತಿ ದುಃಖ ಇದೆ.

ಬಿಳಿಹಡಗು

(1979ರ ಮೊದಲ 10 ಕಂತು ಮತ್ತು ಆರಿಜಿನ್ ಕಥೆ ಬಯಲಾಗುತ್ತದೆ.)

ತುಂಗಾತೀರ ಅವರೇ, ಕರ್ಣನ ಮಾತು ತಂದದ್ದು ತುಂಬಾ ಒಳ್ಳೆಯದಾಯಿತು. ನನ್ನ ವಾದಕ್ಕೆ ಅದೇ ಆಧಾರ. ಕರ್ಣನ ಹುಟ್ಟು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅದರಿಂದ ದುಃಖ ಹುಟ್ಟುತ್ತದೆ. ಶಾರ್ ವಿಷಯದಲ್ಲಿ ಪೂರ್ತಿ ಉಲ್ಟಾ. ತಾನು ಯಾರು ಅಂತ ಅವನಿಗೆ ಗೊತ್ತು, ನಮಗೆ ಗೊತ್ತಿಲ್ಲ. ಆ ಮುಖವಾಡ ಝಾಬಿಗಳಿಗೆ ಎಷ್ಟೋ ನಮಗೂ ಅಷ್ಟೇ.

10ನೇ ಕಂತು ನೆನಪು ಮಾಡಿಕೊಳ್ಳಿ. ಗರ್ಮಾ ಝಾಬಿ, ಶಾರ್‌ನ ಹಳೆಯ ಸಹಪಾಠಿ. ಒಳ್ಳೆ ಮನಸ್ಸಿನ, ಸ್ವಲ್ಪ ಹುಡುಗಾಟದ ಹುಡುಗ. ಶಾರ್ ಅವನನ್ನು ಬೇಕಂತಲೇ ಶತ್ರುವಿನ ಬಾಯಿಗೆ ನೂಕುತ್ತಾನೆ. ಅವನು ಸಾಯುವ ಹೊತ್ತಿಗೆ ರೇಡಿಯೋದಲ್ಲಿ ನಗುತ್ತಾನೆ. ನಿನ್ನ ತಂದೆಯಿಂದ ನಿನಗೆ ಈ ಗತಿ ಅನ್ನುವ ಅರ್ಥದ ಮಾತಾಡುತ್ತಾನೆ. ಅಲ್ಲಿಯವರೆಗೆ ಶಾರ್ ಅಂದರೆ ಎದುರಾಳಿ ಕಡೆಯ ಚುರುಕಿನ ಸೈನಿಕ ಅಷ್ಟೇ. ಆ ನಗು ಕೇಳಿದ ಕ್ಷಣ ನೆಲ ಕುಸಿಯುತ್ತದೆ. ಇವನು ಯಾರು? ಯಾರ ಪರ? 2ನೇ ಕಂತಿನಲ್ಲಿ ಅಮುರೋ ಕಡೆಯ ಹುಡುಗಿ ಸೇಲಾಳನ್ನು ಕಂಡು ಇವನು ತಡವರಿಸಿದ್ದು ಯಾಕೆ? ಈ ಪ್ರಶ್ನೆಗಳನ್ನು ಹೊತ್ತುಕೊಂಡು ಮುಂದಿನ 33 ಕಂತು ನೋಡಬೇಕು. ಆರಿಜಿನ್ ಮೊದಲು ನೋಡಿದವರಿಗೆ ಅಲ್ಲಿ ಪ್ರಶ್ನೆಯೇ ಇರಲ್ಲ.

ಇನ್ನೊಂದು ಇದೆ. ಆರಿಜಿನ್ ಮೂಲದಲ್ಲಿ ಯಾಸುಹಿಕೋ ಬರೆದ ಮಾಂಗಾ, 2001ರಿಂದ 2011ರವರೆಗೆ ಬಂತು. ಅದು ಶಾರ್ ಬಾಲ್ಯದಿಂದ ಶುರುವಾಗುವುದಿಲ್ಲ. ಟಿವಿ ಹಾಗೆಯೇ ಸೈಡ್ 7 ಅನ್ನುವ ಕಾಲೊನಿಯ ಮೇಲಿನ ದಾಳಿಯಿಂದ ಶುರುವಾಗುತ್ತದೆ. ಒಕ್ಕೂಟದ ಸೇನಾ ನೆಲೆ ಜಬುರೋದ ಭಾಗ ಮುಗಿದ ಮೇಲೆ, ಕಥೆಯ ನಡುವೆ, ಹಿಂದಿನ ಕಾಲಕ್ಕೆ ಹೋಗುತ್ತದೆ. ಆ ನಡುವಿನ ಭಾಗ ಮಾತ್ರ ಅನಿಮೆ ಆಯಿತು. ಕಥೆ ಹೇಳಿದವರೇ ಮೊದಲು ಶಾರ್‌ನನ್ನು ಮುಖವಾಡದಲ್ಲಿ ತೋರಿಸಿ, ಆಮೇಲೆ ತೆಗೆದಿದ್ದಾರೆ. ಅದನ್ನು ನಾವು ಯಾಕೆ ತಿರುಗಿಸಬೇಕು?

ತುಂಗಾತೀರ

ಮಾಂಗಾದ ಕ್ರಮ ಒಳ್ಳೆ ಅಂಶ, ಒಪ್ಪಿದೆ. ಆದರೂ ನನ್ನ ತಂಗಿಗೆ ಆರಿಜಿನ್‌ನಿಂದಲೇ ತೋರಿಸಿದೆ. ಅವಳು ಸೇಲಾಗಾಗಿ ಇಡೀ 1979ರ ಸರಣಿ ನೋಡಿದಳು. ಅಣ್ಣ ಬಿಟ್ಟುಹೋದ ಆ ಪುಟ್ಟ ಹುಡುಗಿಯನ್ನು ಮೊದಲು ಕಂಡವರಿಗೆ ಬಿಳಿ ಹಡಗಿನ ಸೇಲಾ ಬೇರೆಯೇ ಆಗಿ ಕಾಣುತ್ತಾಳೆ. ಈ ದಾರಿಯಲ್ಲಿ ಸಿಗುವುದೂ ಕಡಿಮೆಯೇನಲ್ಲ.

ಜೀಟಾಪ್ರಿಯೆ

(ಜೀಟಾ ಕೊನೆಯ ಬಗ್ಗೆ ಮಾತಿದೆ. ನೋಡದವರು ಮುಂದಿನ ಪೋಸ್ಟ್‌ಗೆ ಹೋಗಿ, ದಯವಿಟ್ಟು.)

1979ರ ಸಿನಿಮಾಗಳ ಬಗ್ಗೆ ಹೇಳಿದ್ದು ಸರಿ. ಆದರೆ ಅದೇ ಧೈರ್ಯದಲ್ಲಿ ಯಾರೂ ಜೀಟಾದ ಸಿನಿಮಾಗಳಿಗೆ ಹೋಗಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. 50 ಕಂತುಗಳನ್ನು 2005, 2006ರಲ್ಲಿ ಮೂರು ಸಿನಿಮಾ ಮಾಡಿದರು, ಒಂದೊಂದು ಒಂದೂವರೆ ಗಂಟೆಯ ಆಸುಪಾಸು. 1985ರ ಹಳೆ ಚಿತ್ರ ಒಂದು ಕ್ಷಣ, ಹೊಸ ಚಿತ್ರ ಇನ್ನೊಂದು ಕ್ಷಣ. ಕಣ್ಣಿಗೆ ಹೊಂದಿಕೊಳ್ಳೋಕೇ ಹೊತ್ತು ಬೇಕು. ಟೈಟನ್ಸ್, ಎಯುಗೋ, ಆಕ್ಸಿಸ್ ಅಂತ ಮೂರು ಬಣ, ಯಾರು ಯಾವಾಗ ಯಾರ ಕಡೆ ಅನ್ನೋದು ಟಿವಿಯಲ್ಲೇ ಗಮನ ಕೊಟ್ಟು ನೋಡಬೇಕು. ಸಿನಿಮಾದಲ್ಲಿ ಹೊಸಬರಿಗೆ ಏನೂ ಹಿಡಿತಕ್ಕೆ ಸಿಗಲ್ಲ.

ಏನು ಹೋಯಿತು ನೋಡಿ. ಫೋರ್ ಮುರಾಸಮೆ ಅನ್ನುವ ಹುಡುಗಿಯ ಕಿಲಿಮಂಜಾರೋ ಭಾಗ ಹೋಯಿತು. ಡಕಾರ್ ಭಾಷಣ ಹೋಯಿತು. ಕ್ವಾಟ್ರೋ ಅನ್ನುವ ಹೆಸರಲ್ಲಿ ತಲೆಮರೆಸಿಕೊಂಡಿದ್ದ ಶಾರ್, ಜಗತ್ತಿನೆದುರು ನಿಂತು ತಾನು ಯಾರು ಅಂತ ಒಪ್ಪಿಕೊಳ್ಳುವ ಜಾಗ ಅದು. ಜೀಟಾದ ಉದ್ದಕ್ಕೂ ಎಲ್ಲರೂ ಅವನನ್ನು ಕೇಳುತ್ತಲೇ ಇರುತ್ತಾರೆ, ಮುಂದೆ ಬಾ, ನಾಯಕನಾಗು ಅಂತ. ಅವನು ಜಾರಿಕೊಳ್ಳುತ್ತಲೇ ಇರುತ್ತಾನೆ. ಡಕಾರ್‌ನಲ್ಲಿ ಒಂದೇ ಒಂದು ಸಲ ಎದ್ದು ನಿಲ್ಲುತ್ತಾನೆ. ಅದನ್ನು ನೋಡದೆ ಶಾರ್ಸ್ ಕೌಂಟರ್‌ಅಟ್ಯಾಕ್ ನೋಡಿದರೆ, ಇವನು ಯಾಕೆ ಹೀಗಾದ ಅನ್ನುವುದೇ ತಿಳಿಯಲ್ಲ. ಭೂಮಿಯ ಪರವಾಗಿ ಅಷ್ಟು ಚೆನ್ನಾಗಿ ಮಾತಾಡಿದವನು, ಆರು ವರ್ಷ ಕಳೆದ ಮೇಲೆ ಅದೇ ಭೂಮಿಯ ಮೇಲೆ ಬಂಡೆ ಬೀಳಿಸೋಕೆ ಹೊರಟಿದ್ದಾನೆ.

ಕೊನೆಯೂ ಬದಲಾಗಿದೆ. ಟಿವಿಯಲ್ಲಿ ಕಥಾನಾಯಕ ಕಮೀಲ್‌ನ ಮನಸ್ಸು ಮುರಿದುಹೋಗುತ್ತದೆ. ಸಿನಿಮಾದಲ್ಲಿ ಅವನು ಉಳಿಯುತ್ತಾನೆ. ಇಪ್ಪತ್ತು ವರ್ಷ ಕಳೆದು ಟೊಮಿನೋ ಆ ಹುಡುಗನನ್ನು ಬದುಕಿಸಿದರು ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ, ಸುಳ್ಳು ಹೇಳಲ್ಲ. ಆದರೆ ಆ ಕೊನೆಯಿಂದ ಡಬಲ್ ಜೀಟಾಗೆ ದಾರಿ ಇಲ್ಲ. ಡಬಲ್ ಜೀಟಾ ಟಿವಿಯ ಕೊನೆಯಿಂದಲೇ ಶುರುವಾಗುತ್ತದೆ. ಕಮೀಲ್ ಅಲ್ಲಿ ಮಾತಿಲ್ಲದೆ ಮಲಗಿದ್ದಾನೆ. ಆದ್ದರಿಂದ ಟಿವಿ ಮೊದಲು. ಸಿನಿಮಾ ಎಲ್ಲ ಮುಗಿದ ಮೇಲೆ, ಕಮೀಲ್ ನೆನಪಾದಾಗ ನೋಡಿ.

ಡಬಲ್ ಜೀಟಾ ಬಿಟ್ಟುಬಿಡಿ ಅಂತ ಹೇಳುವವರ ಜೊತೆಯೂ ನನಗೆ ಜಗಳ ಇದೆ. 1986ರ ಫೆಬ್ರವರಿ 22ಕ್ಕೆ ಜೀಟಾ ಮುಗಿಯಿತು, ಮಾರ್ಚ್ 1ಕ್ಕೆ ಡಬಲ್ ಜೀಟಾ ಬಂತು. ಒಂದೇ ವಾರ! ಅಷ್ಟು ಕತ್ತಲೆ ನೋಡಿದ ಮಕ್ಕಳಿಗೆ ಗುಜರಿ ಆಯ್ದು ಬದುಕುವ, ನಗುನಗುತ್ತಾ ಓಡಾಡುವ ಜುಡೋನನ್ನು ತೋರಿಸಿದರು. ಶುರುವಿನ ಹಾಸ್ಯ ಕೆಲವರಿಗೆ ಅತಿ ಅನಿಸುತ್ತದೆ. ತಾಳ್ಮೆ ಇರಲಿ. ಅರ್ಧ ದಾಟಿದ ಮೇಲೆ ಜುಡೋ ಮತ್ತು ಆಕ್ಸಿಸ್ ನಾಯಕಿ ಹಮಾನ್ ನಡುವಿನ ಕಥೆ ಜೀಟಾದಷ್ಟೇ ಗಟ್ಟಿಯಾಗುತ್ತದೆ. ಇದರಲ್ಲಿ ಶಾರ್ ಯಾಕಿಲ್ಲ ಅಂತ ಕೇಳುತ್ತಾರೆ. ಸರಣಿ ನಡೆಯುತ್ತಿರುವಾಗಲೇ ಶಾರ್ ಸಿನಿಮಾ ಖಚಿತವಾಯಿತು, ಅವನನ್ನು ಅದಕ್ಕೆ ಉಳಿಸಿಕೊಂಡರು, ಕಥೆ ಬದಲಾಯಿತು.

ಕೆಂಪು_ಧೂಮಕೇತು

ಡಕಾರ್ ಬಗ್ಗೆ ನೂರಕ್ಕೆ ನೂರು. ಆ ಭಾಷಣ ಇಲ್ಲದ ಜೀಟಾ ನನಗೆ ಜೀಟಾ ಅಲ್ಲ.

ರಾತ್ರಿಪಾಳಿ

ಬೆನ್ನೆಲುಬಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ವಾರ್ ಇನ್ ದ ಪಾಕೆಟ್ ಬಗ್ಗೆ ಸ್ವಲ್ಪ ಹೇಳಬೇಕು. 1989ರಲ್ಲಿ ಬಂತು, ಆರೇ ಕಂತು. ಟೊಮಿನೋ ನಿರ್ದೇಶನವಿಲ್ಲದ ಮೊದಲ ಗಂಡಮ್ ಸರಣಿ. ಫುಮಿಹಿಕೋ ತಕಯಾಮ ಮಾಡಿದ್ದು.

1979ರ ಕಥೆಯ ಅದೇ ಯುದ್ಧದ ಕೊನೆಯ ದಿನಗಳು. ಆದರೆ ಅಮುರೋ ಇಲ್ಲ, ಶಾರ್ ಇಲ್ಲ. ಯಾವ ಕಡೆಗೂ ಸೇರದ ಸೈಡ್ 6ರಲ್ಲಿ ಅಲ್ ಅನ್ನುವ ಸ್ಕೂಲ್ ಹುಡುಗ. ಅವನಿಗೂ ಅವನ ಗೆಳೆಯರಿಗೂ ಯುದ್ಧ ಅಂದರೆ ಆಟ, ಸೈನಿಕರ ಬ್ಯಾಡ್ಜ್ ಅಂದರೆ ಚಿನ್ನ. ಒಂದು ಝಾಕು ಅವನ ಊರಲ್ಲೇ ಬಿದ್ದಾಗ ಓಡಿಹೋಗಿ ನೋಡುತ್ತಾನೆ, ಖುಷಿಯಲ್ಲಿ. ಅದರಲ್ಲಿದ್ದ ಬರ್ನಿ ಅನ್ನುವ ಹೊಸ ಸೈನಿಕನ ಸ್ನೇಹವಾಗುತ್ತದೆ. ಪಕ್ಕದ ಮನೆಯಲ್ಲಿ ಕ್ರಿಸ್ ಅನ್ನುವ ಹುಡುಗಿ. ಇಷ್ಟೇ ಹೇಳ್ತೀನಿ. ಮುಂದಿನದು ನೀವೇ ನೋಡಬೇಕು.

ಗಂಡಮ್ ಯಂತ್ರ ಹೊಡೆದಾಡೋದು ಇದರಲ್ಲಿ ಕೆಲವೇ ನಿಮಿಷ. ಆದರೂ ಈ ಲೋಕದ ಸಾರ ಇಲ್ಲಿದೆ ಅಂತ ನನ್ನ ನಂಬಿಕೆ. ಕಥೆಗೆ ಹಿಂದಿನದೇನೂ ಗೊತ್ತಿರಬೇಕಾಗಿಲ್ಲ, ಹಾಗಾಗಿ ಇದರಿಂದಲೇ ಶುರು ಮಾಡಿ ಅಂತ ಕೆಲವರು ಹೇಳುತ್ತಾರೆ. ನಾನು ಬಿಳಿಹಡಗು ಅವರ ಪರ. ಮೊದಲು ಝಾಕುಗಳು ಸಾಲುಸಾಲಾಗಿ ಸಿಡಿದು ಬೀಳುವುದನ್ನು ನೋಡಿ ಚಪ್ಪಾಳೆ ಹೊಡೆಯಿರಿ. ಆಮೇಲೆ ಆ ಝಾಕು ಒಳಗೆ ಕೂತಿದ್ದವನ ಹೆಸರು ತಿಳಿದುಕೊಳ್ಳಿ. ಆ ಕ್ರಮದಲ್ಲೇ ಇದು ಕೆಲಸ ಮಾಡುತ್ತದೆ.

1991ರ 0083 ಅನ್ನುವ ಸರಣಿ ಕೂಡ ಹೀಗೇ ನಡುವಿನ ಕಾಲದ್ದು. ಜೀಟಾದ ಟೈಟನ್ಸ್ ಹೇಗೆ ಹುಟ್ಟಿದರು ಅಂತ ತೋರಿಸುತ್ತದೆ. ಚಿತ್ರಗಾರಿಕೆ ಅದ್ಭುತ, ಕಥೆ ಅಷ್ಟಕ್ಕಷ್ಟೇ. ಜೀಟಾ ಮುಗಿದ ಮೇಲೆ ನೋಡಿದರೆ ಸಾಕು.

ಗನ್‌ಪ್ಲಾ_ಮೇಜು

ನಾನು ಕಥೆಗೆ ಬಂದದ್ದೇ ಮಾದರಿ ಕಟ್ಟುವುದರಿಂದ. 1980ರ ಮೊದಲ ಕಿಟ್ 144ಕ್ಕೆ 1ರ ಅಳತೆಯದು, ಬೆಲೆ 300 ಯೆನ್. ಅಂಟು ಹಾಕಿ ಅಂಟಿಸಬೇಕು, ಬಣ್ಣ ನಾವೇ ಬಳಿಯಬೇಕು. ಈಗಿನ ಕಿಟ್‌ಗಳಿಗೆ ಅಂಟೂ ಬೇಡ, ಬಣ್ಣವೂ ಬೇಡ, ಕತ್ತರಿಸಿ ಸೇರಿಸಿದರೆ ಆಯಿತು.

ಸರಣಿ ನೋಡದೆ ಕಿಟ್ ಕಟ್ಟುವವರಿಗೆ ಒಂದು ಮಾತು. ಒಮ್ಮೆ ನೋಡಿ, ಆಮೇಲೆ ಕಟ್ಟಿ. 1979ರ ಕೊನೆಯ ಕಾಳಗದಲ್ಲಿ ಗಂಡಮ್ ತಲೆ ಇಲ್ಲದೆ, ಒಂದು ಕೈ ಇಲ್ಲದೆ ಮೇಲಕ್ಕೆ ಬಂದೂಕು ಹಿಡಿದು ನಿಲ್ಲುತ್ತದಲ್ಲ, ಆ ಭಂಗಿಯಲ್ಲೇ ನನ್ನ ಮೇಜಿನ ಮೇಲೆ ಒಂದನ್ನು ನಿಲ್ಲಿಸಿದ್ದೇನೆ. ಹೊಸ ಕಿಟ್‌ನ ತಲೆ ತೆಗೆದು ಇಟ್ಟಿದ್ದು ಯಾಕೆ ಅಂತ ಮನೆಗೆ ಬಂದವರು ಕೇಳುತ್ತಾರೆ. ನೋಡಿದವರು ಕೇಳಲ್ಲ.

ಕೆಲಸದ ಮೇಲೆ ಟೋಕಿಯೋಗೆ ಹೋಗುವವರು ಒಡೈಬಾಗೆ ತಪ್ಪದೆ ಹೋಗಿ. 2009ರಲ್ಲಿ ಅಲ್ಲಿ 18 ಮೀಟರ್ ಎತ್ತರದ, ಕಥೆಯಲ್ಲಿರುವ ಅಳತೆಯದೇ ಮೊದಲ ಗಂಡಮ್ ನಿಲ್ಲಿಸಿದ್ದರು. 2017ರಲ್ಲಿ ಒಡೈಬಾದಲ್ಲೇ ಯೂನಿಕಾರ್ನ್ ನಿಲ್ಲಿಸಿದರು, 19.7 ಮೀಟರ್. ಕೆಳಗೆ ನಿಂತು ತಲೆ ಎತ್ತಿ ನೋಡಿದಾಗ ಆ ಲೋಕದ ಜನರ ಭಯ ಅರ್ಥವಾಗುತ್ತದೆ.

ಹೊಸ_ನೋಡುಗ

ಮೂರು ಸಿನಿಮಾ ಮುಗಿಸಿ ಬಂದಿದ್ದೇನೆ. (ಮೂರನೆಯದರ ಕಥೆ ಬಯಲಾಗುತ್ತೆ.)

ಮೂರನೇ ಸಿನಿಮಾ ಬಗ್ಗೆ ಕೆಂಪು_ಧೂಮಕೇತು ಅವರು ಹೇಳಿದ್ದು ಪೂರ್ತಿ ನಿಜ. ಆದರೆ ನನ್ನ ತಲೆಯಿಂದ ಹೋಗದೆ ಇರೋದು ಲಾಲಾ. ಹಣೆಗೆ ಬೊಟ್ಟು ಇಟ್ಟ ಹುಡುಗಿ! ಯಾರೂ ಮೊದಲೇ ಹೇಳಲಿಲ್ಲವಲ್ಲ. 1979ರ ಜಪಾನಿ ಅನಿಮೆಯಲ್ಲಿ ನಮ್ಮ ಕಡೆಯ ಹುಡುಗಿಯೊಬ್ಬಳು ಇಡೀ ಕಥೆಯ ನಡುವೆ ನಿಂತಿರುತ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ. ಕೆರೆಯ ಪಕ್ಕ, ಸಾಯುತ್ತಿರುವ ಹಂಸ ನೋಡುತ್ತಾ ಕೂತಿರುತ್ತಾಳೆ, ಅಮುರೋ ಮಳೆಗೆ ನಿಲ್ಲೋಕೆ ಅಲ್ಲಿಗೆ ಬರುತ್ತಾನೆ. ಅಷ್ಟೇ ಪರಿಚಯ. ಆಮೇಲೆ ಯುದ್ಧದ ನಡುವೆ ಇಬ್ಬರ ಮನಸ್ಸು ಒಂದನ್ನೊಂದು ಮುಟ್ಟುತ್ತದೆ, ಅವನ ಕೈಯಿಂದಲೇ ಅವಳು ಸಾಯುತ್ತಾಳೆ. ಶಾರ್‌ನನ್ನು ಉಳಿಸೋಕೆ ಅಡ್ಡ ಬಂದು. ಅವಳಿಗೆ ಇನ್ನೂ ಜಾಸ್ತಿ ಜಾಗ ಕೊಡಬೇಕಿತ್ತು ಅನಿಸಿತು. ಮುಂದೆ ಅವಳ ಬಗ್ಗೆ ಏನಾದರೂ ಬರುತ್ತಾ?

ಜೀಟಾಪ್ರಿಯೆ

ಬರುತ್ತೆ, ಬರುತ್ತಲೇ ಇರುತ್ತೆ. ಕಥೆ ಬಿಟ್ಟುಕೊಡದೆ ಹೇಳಲು ನೋಡುತ್ತೇನೆ.

ಲಾಲಾ ತೆರೆಯ ಮೇಲೆ ಇರುವುದು ತುಂಬಾ ಕಡಿಮೆ ಹೊತ್ತು. ಆದರೆ ಮುಂದಿನ ಎಲ್ಲವೂ ಅವಳ ಸಾವಿನ ಸುತ್ತಲೇ ತಿರುಗುತ್ತದೆ. ಅಮುರೋ ಮತ್ತು ಶಾರ್ ಜೀಟಾದಲ್ಲಿ ಒಂದೇ ಕಡೆ ನಿಂತರೂ ನಡುವೆ ಅವಳಿದ್ದಾಳೆ. ಶಾರ್ಸ್ ಕೌಂಟರ್‌ಅಟ್ಯಾಕ್‌ನಲ್ಲಿ ಅಮುರೋ ಕನಸಿನಲ್ಲಿ ಬರುತ್ತಾಳೆ. 13 ವರ್ಷ ದಾಟಿದ ಮೇಲೂ, ಭೂಮಿ ಉಳಿಯುತ್ತದೋ ಇಲ್ಲವೋ ಅನ್ನುವ ಹೊತ್ತಲ್ಲೂ, ಇಬ್ಬರೂ ಕೊನೆಗೆ ಜಗಳವಾಡುವುದು ಅವಳ ಹೆಸರು ಹಿಡಿದೇ. ದೊಡ್ಡ ರಾಜಕೀಯ ಮಾತುಗಳ ಅಡಿಯಲ್ಲಿ ಆರದ ಒಂದು ಗಾಯ ಇದೆ.

2025ರ ಜೀಕ್ವಾಕ್ಸ್‌ನಲ್ಲೂ ಅವಳಿಗೆ ಮುಖ್ಯ ಜಾಗ ಇದೆ. ಮೊದಲು ಜನವರಿಯಲ್ಲಿ ಸಿನಿಮಾ ಆಗಿ ಬಂತು, ಏಪ್ರಿಲ್‌ನಿಂದ ಟಿವಿಯಲ್ಲಿ 12 ಕಂತು. ಖಾರಾ ಸ್ಟುಡಿಯೋದ ಕಜುಯಾ ತ್ಸುರುಮಾಕಿ ನಿರ್ದೇಶನ, ಬರವಣಿಗೆಯಲ್ಲಿ ಹಿಡೆಯಾಕಿ ಅನ್ನೋ ಅವರೂ ಇದ್ದಾರೆ. ಸೈಡ್ 7ರಲ್ಲಿ ಗಂಡಮ್ ಅಮುರೋ ಕೈಗೆ ಸಿಗದೆ ಶಾರ್ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತು, ಅನ್ನುವ ಪ್ರಶ್ನೆಯಿಂದ ಅದು ಹುಟ್ಟಿದೆ. ಹೊಸದು, 12 ಕಂತು, ಬಣ್ಣ ಚೆನ್ನಾಗಿದೆ ಅಂತ ಅದರಿಂದ ಶುರು ಮಾಡಬೇಡಿ. 1979ರ ದೃಶ್ಯಗಳನ್ನೇ, ಅದೇ ಸಂಗೀತದಲ್ಲಿ ಮತ್ತೆ ಕಟ್ಟಿ ಒಂದು ಕಡೆ ತಿರುಗಿಸುತ್ತಾರೆ. ಮೂಲ ಕಂಡವರಿಗೆ ಮೈ ಜುಮ್ಮೆನ್ನುತ್ತದೆ. ನೀವು ಈಗ ಮೂರು ಸಿನಿಮಾ ನೋಡಿದ್ದೀರಿ, ಬೇಕಾದರೆ ನೋಡಬಹುದು. ಜೀಟಾ ಮುಗಿಸಿ ನೋಡಿದರೆ ಇನ್ನೂ ಒಳ್ಳೆಯದು.

ಬಿಳಿಹಡಗು

(ಹ್ಯಾಥವೇಯ ಮೊದಲ ಭಾಗದ ವಿಷಯ ಸ್ವಲ್ಪ ಬಯಲಾಗುತ್ತದೆ.)

ಲಾಲಾ ಬಗ್ಗೆ ಜೀಟಾಪ್ರಿಯೆ ಅವರು ಹೇಳಿದ ಮೇಲೆ ನಾನು ಬ್ರೈಟ್ ನೋವಾ ಬಗ್ಗೆ ಹೇಳಲೇಬೇಕು. ಈ ಇಡೀ ಲೋಕವನ್ನು ಬಿಡುಗಡೆ ಕ್ರಮದಲ್ಲಿ ನೋಡಿದವರಿಗೆ ಸಿಗುವ ದೊಡ್ಡ ಕಾಣಿಕೆ ಅವರೇ ಅಂತ ನನಗೆ ಅನಿಸುತ್ತದೆ.

1979ರಲ್ಲಿ ಬ್ರೈಟ್‌ಗೆ 19 ವರ್ಷ. ದೊಡ್ಡವರೆಲ್ಲ ಸತ್ತು, ಹಡಗು ಅವನ ತಲೆಗೆ ಬಂತು. ಅಮುರೋಗೆ ಕೆನ್ನೆಗೆ ಹೊಡೆಯುತ್ತಾನೆ, ತಾನೇ ಹೆದರುತ್ತಾನೆ, ಜ್ವರ ಬಂದು ಮಲಗುತ್ತಾನೆ. ಜೀಟಾ, ಡಬಲ್ ಜೀಟಾದಲ್ಲಿ ಹೊಸ ಹೊಸ ಹುಡುಗರು ಬರುತ್ತಾರೆ, ಕ್ಯಾಪ್ಟನ್ ಅವನೇ. ಎಲ್ಲರನ್ನೂ ಯುದ್ಧಕ್ಕೆ ಕಳಿಸುವುದು ಅವನ ಕೆಲಸ, ವಾಪಸ್ ಬಂದವರನ್ನು ಎಣಿಸುವುದೂ ಅವನ ಕೆಲಸ. ಶಾರ್ಸ್ ಕೌಂಟರ್‌ಅಟ್ಯಾಕ್‌ನಲ್ಲಿ ಅವನ ಮಗ ಹ್ಯಾಥವೇ ಇನ್ನೂ ಹುಡುಗ, ಅಪ್ಪನ ಹಡಗಿಗೆ ಬಂದು ಸೇರಿಕೊಳ್ಳುತ್ತಾನೆ. ಕಣ್ಣೆದುರೇ ಒಂದು ಸಾವು ನೋಡುತ್ತಾನೆ, ಒಂದು ಸಾವಿಗೆ ಕಾರಣನೂ ಆಗುತ್ತಾನೆ.

ಕಥೆಯಲ್ಲಿ 12 ವರ್ಷ ಕಳೆಯುತ್ತದೆ. 2021ರ ಹ್ಯಾಥವೇ ಸಿನಿಮಾದಲ್ಲಿ ಆ ಹುಡುಗ ಒಕ್ಕೂಟದ ಮಂತ್ರಿಗಳನ್ನು ಕೊಲ್ಲುವ ಮಾಫ್ಟಿ ಗುಂಪಿನ ನಾಯಕ. ಅಪ್ಪ ಇನ್ನೂ ಅದೇ ಒಕ್ಕೂಟದ ಸೇವೆಯಲ್ಲಿದ್ದಾನೆ. ಡಾವಾವೋ ನಗರದಲ್ಲಿ ರಾತ್ರಿ ಎರಡು ಯಂತ್ರಗಳು ಹೊಡೆದಾಡುವುದನ್ನು ಶುಕೋ ಮುರಾಸೆ ಕೆಳಗೆ ಓಡುವ ಜನರ ಕಣ್ಣಿಂದ ತೋರಿಸುತ್ತಾರೆ. ಮೇಲಿನಿಂದ ಕಿಡಿ ಬೀಳುತ್ತದೆ, ಕರಗಿದ ಲೋಹ ಬೀಳುತ್ತದೆ. ಕಾರಣ ಎಷ್ಟೇ ದೊಡ್ಡದಿರಲಿ, ಕೆಳಗಿರುವವರಿಗೆ ಬೆಂಕಿ ಬೆಂಕಿಯೇ. ಈ ಸಿನಿಮಾವನ್ನು ಒಂಟಿಯಾಗಿ ನೋಡಿದರೂ ಚೆನ್ನಾಗಿದೆ. ಆದರೆ 19ರ ಹುಡುಗ ಬ್ರೈಟ್ ಹಡಗಿನ ಕುರ್ಚಿಯಲ್ಲಿ ನಡುಗುತ್ತಾ ಕೂತದ್ದನ್ನು ಕಂಡವರಿಗೆ, ಇದು ಒಂದು ಮನೆಯ ಕಥೆ.

ಒಂದು ಸಣ್ಣ ಗೊಂದಲ ಇದೆ, ಹೇಳಿಬಿಡುತ್ತೇನೆ. ಹ್ಯಾಥವೇ ಕಾದಂಬರಿಯನ್ನು ಟೊಮಿನೋ 1989, 1990ರಲ್ಲಿ ಬರೆದರು. ಅದು 1988ರ ಸಿನಿಮಾದ ಮುಂದುವರಿಕೆಯಾಗಿರಲಿಲ್ಲ. ಅದೇ ಕಥೆಯ ಬೇರೆ ರೂಪವಾಗಿ ಅವರು ಬರೆದಿದ್ದ ಇನ್ನೊಂದು ಕಾದಂಬರಿಯ ಮುಂದುವರಿಕೆ. ಹಾಗಾಗಿ ಕೆಲವು ನೆನಪುಗಳು ಹೊಂದಲ್ಲ ಅನಿಸಿದರೆ ತಲೆ ಕೆಡಿಸಿಕೊಳ್ಳಬೇಡಿ.

ತುಂಗಾತೀರ

ಇದನ್ನು ಓದಿ ಹ್ಯಾಥವೇ ಮತ್ತೆ ನೋಡಬೇಕು ಅನಿಸಿತು.

ನಾನು ಇನ್ನೊಂದು ಹೆಸರು ಸೇರಿಸುತ್ತೇನೆ, ಟರ್ನ್ ಎ. 1999ರಲ್ಲಿ ಟೊಮಿನೋ ವಾಪಸ್ ಬಂದು ಮಾಡಿದ್ದು, 50 ಕಂತು. ಯಂತ್ರಗಳನ್ನು ಅಮೆರಿಕದ ಸಿಡ್ ಮೀಡ್ ರೂಪಿಸಿದರು, ಸಂಗೀತ ಯೋಕೋ ಕನ್ನೋ. ಗಂಡಮ್‌ಗೆ ಮೀಸೆ ಇಟ್ಟ ಹಾಗಿದೆ ಅಂತ ಅದರ ಚಿತ್ರ ನೋಡಿಯೇ ಜನ ದೂರ ಹೋಗುತ್ತಾರೆ. ಹೋಗಬೇಡಿ. ಅಷ್ಟರವರೆಗೆ ಬಂದ ಎಲ್ಲ ಗಂಡಮ್ ಲೋಕಗಳೂ, ಜಿ, ವಿಂಗ್ ಸೇರಿ, ಯಾವುದೋ ಮರೆತ ಕಾಲದಲ್ಲಿ ನಡೆದ ಯುದ್ಧಗಳು ಅಂತ ಅದು ಹೇಳುತ್ತದೆ. ಗೋಧಿ ಹೊಲ, ಹಳ್ಳಿ, ಹಬ್ಬ, ಚಂದ್ರನಿಂದ ಇಳಿದು ಬಂದ ಮೃದು ಹುಡುಗ ಲೊರಾನ್. ಗಂಡಮ್ ಕೈಯಲ್ಲಿ ಹಸು ಎತ್ತಿಕೊಂಡು ಹೋಗುವ ದೃಶ್ಯ ಬೇರೆಲ್ಲಿ ಸಿಗುತ್ತೆ? ಇದನ್ನು ಕೊನೆಗೇ ನೋಡಬೇಕು ಅನ್ನುವುದರಲ್ಲಿ ಮಾತ್ರ ನಾನು ಬಿಳಿಹಡಗು ಅವರ ಕಡೆ.

ಹೊಸ_ನೋಡುಗ

ಜೀಟಾ ಟಿವಿ ಮುಗಿಯಿತು. ಅದರ ಬಗ್ಗೆ ಈಗ ಬರೆಯೋಕೆ ಆಗ್ತಿಲ್ಲ, ಇನ್ನೊಂದು ಸಲ ಬರೆಯುತ್ತೇನೆ. ಜೀಟಾಪ್ರಿಯೆ ಮೇಡಂ, ಡಕಾರ್ ಕಂತು ನೋಡುವಾಗ ನಿಮ್ಮನ್ನೇ ನೆನೆಸಿಕೊಂಡೆ.

ಒಂದು ಕೇಳಬೇಕಿತ್ತು. ಯೂನಿಕಾರ್ನ್ ಎರಡು ರೂಪದಲ್ಲಿದೆಯಲ್ಲ, ಯಾವುದು ನೋಡಬೇಕು? ಡಬಲ್ ಜೀಟಾ ಬಿಟ್ಟು ನೇರ ಅದಕ್ಕೆ ಹೋಗಬಹುದಾ?

ಕೆಂಪು_ಧೂಮಕೇತು

2010ರಿಂದ 2014ರವರೆಗೆ ಬಂದ ಏಳು ಭಾಗದ ಮೂಲ ರೂಪ ನೋಡಿ. ಬಹುತೇಕ ಭಾಗಗಳು ಒಂದು ಗಂಟೆಯ ಆಸುಪಾಸು, ದೊಡ್ಡ ಪರದೆಗೆ ಅಂತಲೇ ಕಟ್ಟಿದ್ದು. 2016ರಲ್ಲಿ ಅದನ್ನೇ 22 ಕಂತಾಗಿ ತುಂಡು ಮಾಡಿ ಟಿವಿಗೆ ಕೊಟ್ಟರು. ಕಥೆ ಅದೇ, ಆದರೆ ಸವಾನೋ ಅವರ ಸಂಗೀತ ಏರುತ್ತಾ ಹೋಗಿ ದೃಶ್ಯ ಮುಟ್ಟುವ ಜಾಗದಲ್ಲೇ ಕಂತು ಮುಗಿದುಬಿಟ್ಟರೆ ಬೇಜಾರಾಗುತ್ತೆ.

ಡಬಲ್ ಜೀಟಾ ಬಿಡಬೇಡಿ. ಯೂನಿಕಾರ್ನ್‌ನಲ್ಲಿ ಮರೀಡಾ ಅನ್ನುವ ಪೈಲಟ್ ಬರುತ್ತಾಳೆ. ಅವಳು ಯಾರು ಅನ್ನುವುದು ಡಬಲ್ ಜೀಟಾ ನೋಡಿದವರಿಗೆ ಮಾತ್ರ ನಿಜವಾಗಿ ತಿಳಿಯುತ್ತದೆ. ಶಾರ್ಸ್ ಕೌಂಟರ್‌ಅಟ್ಯಾಕ್ ಕೂಡ ಮೊದಲು ಮುಗಿಸಿ. ಫುಲ್ ಫ್ರಂಟಲ್ ಅನ್ನುವವನಿಗೆ ಶಾರ್‌ಗೆ ದನಿ ಕೊಟ್ಟ ಶೂಇಚಿ ಇಕೆದಾ ಅವರೇ ದನಿ ಕೊಟ್ಟಿದ್ದಾರೆ, ಅದು ಸುಮ್ನೆ ಅಲ್ಲ.

ಹೊಸ_ನೋಡುಗ

ಸರಿ ಸರ್, ಹಾಗಾದರೆ ಇವತ್ತು ರಾತ್ರಿಯಿಂದ ಡಬಲ್ ಜೀಟಾ. ಹಮಾನ್‌ಗೆ ಏನಾಗುತ್ತೆ ಅಂತ ದಯವಿಟ್ಟು ಯಾರೂ ಹೇಳಬೇಡಿ. ನಾನು ಮುಗಿಸುವವರೆಗೆ ಈ ಚರ್ಚೆ ಓದುವುದಿಲ್ಲ.